ಗ್ರಾಮದ ತರುಣರೂ ಒಕ್ಕಲುತನವೂ: ಮನ್ನಾಏಖೇಳ್ಳಿ ಸೀಮೆಯ ಮುಖಂಡರಿಗೂ ಭೂಮಾಲೀಕರಿಗೂ ಒಂದು ಪಾಠ

ಬೀಜವನ್ನು ಆರಿಸುವುದರಲ್ಲಿಯೂ ಎತ್ತನ್ನು ಕೊಳ್ಳುವುದರಲ್ಲಿಯೂ ನಮ್ಮ ರೈತರು ತೋರಿಸುವ ಎಚ್ಚರಿಕೆಯು ಅಲ್ಪವಾದುದಲ್ಲ. ಹಲ್ಲನ್ನು ನೋಡದೆ ಎತ್ತನ್ನು ಕೊಳ್ಳುವವರಿಲ್ಲ. ಮೊಳಕೆಯನ್ನು ಪರೀಕ್ಷಿಸದೆ ತೊಗರಿಯನ್ನು ಬಿತ್ತುವ ಜಾಣರೂ ಇಲ್ಲ. ಆದರೆ ಆ ಬೀಜವನ್ನು ಇನ್ನು ಇಪ್ಪತ್ತು ವರ್ಷಗಳ ಮೇಲೆ ಬಿತ್ತತಕ್ಕವರು ಯಾರು ಎಂಬ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ. ಭೂಮಿಯು ಇದ್ದಲ್ಲಿಯೇ ಇರುತ್ತದೆ. ಅದನ್ನು ಉಳತಕ್ಕ ಕೈಗಳು ಮಾತ್ರ ವರ್ಷೇ ವರ್ಷೇ ಊರನ್ನು ಬಿಟ್ಟು ಹೋಗುತ್ತಿವೆ. ಈ ವಿಷಯವನ್ನು ಗ್ರಾಮದ ಮುಖಂಡರೂ ಭೂಮಾಲೀಕರೂ ಸಮಾಧಾನದಿಂದ ಪರ್ಯಾಲೋಚಿಸಿ, ತಮ್ಮ ಕೈಯಲ್ಲಿಯೇ ಇರುವ ಕೆಲವು ಉಪಾಯಗಳನ್ನು ಆಚರಣೆಗೆ ತರಬೇಕೆಂಬ ಉದ್ದೇಶದಿಂದ ಈ ಪಾಠವನ್ನು ಬರೆಯಲಾಗಿದೆ.

1. ಸೀಮೆಯ ಸ್ಥಿತಿ

ಮನ್ನಾಏಖೇಳ್ಳಿಯು ಬೀದರ್ ಜಿಲ್ಲೆಯಲ್ಲಿ, ಹೈದರಾಬಾದಿನಿಂದ ಹುಮನಾಬಾದಿನ ಮೇಲೆ ಪುಣೆಯ ಕಡೆಗೆ ಹೋಗುವ 65ನೆಯ ರಾಷ್ಟ್ರೀಯ ಹೆದ್ದಾರಿಯ ಮೇಲಿದೆ. ಪೂರ್ವದಲ್ಲಿ ಇದು ಹುಮನಾಬಾದ್ ತಾಲೂಕಿಗೆ ಸೇರಿತ್ತು. ಚಿಟಗುಪ್ಪ ತಾಲೂಕು ಬೇರೆಯಾದ ಮೇಲೆ ಅದರಲ್ಲಿ ಸೇರಿದೆ. ಈ ಸೀಮೆಯ ನೆಲವು ಕೆಲವೆಡೆ ಕೆಂಪು ಜಂಬಿಟ್ಟಿಗೆಯದು, ಕೆಲವೆಡೆ ಕಪ್ಪು ಎರೆಯದು. ಮಳೆಯು ವರ್ಷಕ್ಕೆ ಸುಮಾರು 850 ಮಿಲಿಮೀಟರು. ಅದರಲ್ಲಿ ಬಹುಭಾಗವು ಜೂನಿನಿಂದ ಸೆಪ್ಟೆಂಬರಿನೊಳಗೆ ಬಿದ್ದು ಹೋಗುತ್ತದೆ. ಹೆಸರು, ಉದ್ದು, ಸೋಯಾ ಅವರೆ, ತೊಗರಿ ಇವು ಮುಂಗಾರಿನ ಬೆಳೆಗಳು. ಕಡಲೆ, ಜೋಳ, ಕುಸುಬೆ ಇವು ಹಿಂಗಾರಿನವು. ನೀರಿರುವಲ್ಲಿ ಕಬ್ಬು ಮತ್ತು ಶುಂಠಿಗಳನ್ನು ಬೆಳೆಯುತ್ತಾರೆ.

2011ರ ಜನಗಣತಿಯ ಪ್ರಕಾರ ಬೀದರ್ ಜಿಲ್ಲೆಯಲ್ಲಿ ಸುಮಾರು 17 ಲಕ್ಷ ಜನರಿದ್ದರು. ಅವರಲ್ಲಿ ನಾಲ್ಕರಲ್ಲಿ ಮೂರು ಪಾಲು ಗ್ರಾಮವಾಸಿಗಳು. ಅಕ್ಷರಸ್ಥರ ಪ್ರಮಾಣವು ನೂರಕ್ಕೆ ಎಪ್ಪತ್ತರಷ್ಟಿತ್ತು. ಶಾಲೆಗಳೂ ಕಾಲೇಜುಗಳೂ ಹೆಚ್ಚಿದುದರಿಂದ ತಂದೆಗಿಂತ ಮಗನೂ, ತಾಯಿಗಿಂತ ಮಗಳೂ ಹೆಚ್ಚು ಓದಿದವರಾಗಿದ್ದಾರೆ. ಆದರೆ ಓದಿದವನಿಗೆ ಊರಿನಲ್ಲಿ ತಕ್ಕ ಕೆಲಸವು ದೊರೆಯದಿರುವಲ್ಲಿ, ಹೆದ್ದಾರಿಯು ಅವನನ್ನು ಜಹೀರಾಬಾದಿಗೆ, ಪಟನ್‌ಚೆರುವಿಗೆ, ಹೈದರಾಬಾದಿಗೆ, ಇಲ್ಲವೆ ಪುಣೆ ಮುಂಬಯಿಗಳಿಗೆ ಕರೆದುಕೊಂಡು ಹೋಗುತ್ತದೆ. ದಾರಿಯು ಸುಲಭವಾದುದು, ಹಿಂದಿರುಗುವುದೇ ಕಷ್ಟ. 2020ರಲ್ಲಿ ಲಾಕ್‌ಡೌನ್ ಆದಾಗ ಆ ನಗರಗಳಿಂದ ನಮ್ಮ ಜಿಲ್ಲೆಯ ಹಳ್ಳಿಗಳಿಗೆ ಮರಳಿ ಬಂದವರನ್ನು ನೆನೆದರೆ, ಹೊರಗೆ ಹೋದವರ ಸಂಖ್ಯೆ ಎಷ್ಟೆಂಬುದು ಯಾರಿಗಾದರೂ ತಿಳಿಯುವುದು.

2. ತರುಣರಿಗೆ ಇರುವ ತೊಂದರೆಗಳು

ಹುಡುಗರಿಗೆ ಮೈಗಳ್ಳತನ ಬಂದಿದೆ, ಮಣ್ಣು ಮುಟ್ಟಲು ನಾಚುತ್ತಾರೆ, ಎಂದು ಹಿರಿಯರು ಆಕ್ಷೇಪಿಸುವುದುಂಟು. ಈ ಮಾತು ಕೆಲವರ ವಿಷಯದಲ್ಲಿ ನಿಜವಾಗಿರಬಹುದು. ಆದರೆ ಪಟನ್‌ಚೆರುವಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯ ಕೆಲಸವನ್ನು ಮಾಡುವ ಹುಡುಗನು ಮೈಗಳ್ಳನಾಗಿರಲಾರನು. ಆದಕಾರಣ ದೋಷವು ಬೇರೆಡೆಯಲ್ಲಿರಬೇಕು. ಅದನ್ನು ನಾಲ್ಕು ಭಾಗವಾಗಿ ವಿಚಾರಿಸೋಣ.

ಮೊದಲನೆಯದು ಕಾಲ. ಹೆಸರು ಉದ್ದುಗಳು ಎಪ್ಪತ್ತು ಎಂಬತ್ತು ದಿನಗಳಲ್ಲಿ ಕೈಗೆ ಬರುತ್ತವೆ. ಸೋಯಾ ಅವರೆ ನೂರು ದಿನಗಳೊಳಗೆ. ತೊಗರಿ ಡಿಸೆಂಬರ್ ಜನವರಿಗಳಲ್ಲಿ. ಕಡಲೆಯ ರಾಶಿಯಾದ ಮೇಲೆ ಮಳೆಯಾಶ್ರಯದ ಹೊಲದಲ್ಲಿ ಮೇ ಕೊನೆಯ ತನಕ ಹೇಳಿಕೊಳ್ಳತಕ್ಕ ಕೆಲಸವಿಲ್ಲ. ವರ್ಷದಲ್ಲಿ ಮೂರು ನಾಲ್ಕು ತಿಂಗಳು ಕೈಕಟ್ಟಿ ಕೂಡಬೇಕಾದ ಉದ್ಯೋಗವನ್ನು ತರುಣನು ಹೇಗೆ ನೆಚ್ಚಿಕೊಂಡಾನು? ಬೇಸಿಗೆಯಲ್ಲಿ ಹೋದವನು ಮುಂಗಾರಿಗೆ ಬರುವೆನೆಂದು ಹೇಳಿ ಹೋಗುತ್ತಾನೆ. ಎರಡನೆಯ ವರ್ಷ ಬರುವುದಿಲ್ಲ.

ಎರಡನೆಯದು ಹಿಡುವಳಿ. ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಅಜ್ಜನಿಗೆ ಹನ್ನೆರಡು ಎಕರೆ; ಮೂವರು ಗಂಡುಮಕ್ಕಳಿಗೆ ನಾಲ್ಕು ನಾಲ್ಕು ಎಕರೆ; ಒಬ್ಬೊಬ್ಬನಿಗೆ ಇಬ್ಬರು ಮಕ್ಕಳಾದರೆ ಎರಡೆರಡು ಎಕರೆ. ಇದು ಹೆಣ್ಣುಮಕ್ಕಳ ಪಾಲನ್ನು ಬಿಟ್ಟು ಮಾಡಿದ ಲೆಕ್ಕ. 1994ರಿಂದ ನಮ್ಮ ರಾಜ್ಯದ ತಿದ್ದುಪಡಿಯೂ 2005ರ ಕೇಂದ್ರದ ತಿದ್ದುಪಡಿಯೂ ಹಿಂದೂ ಕುಟುಂಬದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲನ್ನು ಕೊಟ್ಟಿವೆ. 2015–16ರ ಕೃಷಿಗಣತಿಯಲ್ಲಿ ಕರ್ನಾಟಕದ ಸರಾಸರಿ ಹಿಡುವಳಿಯು 1.36 ಹೆಕ್ಟೇರು, ಎಂದರೆ ಮೂರು ಎಕರೆ ಹದಿನಾಲ್ಕು ಗುಂಟೆಯಷ್ಟಿತ್ತು. ಇಷ್ಟರಲ್ಲಿ ತೊಗರಿಯೊಂದನ್ನೇ ನಂಬಿ ಸಂಸಾರವನ್ನು ಸಾಗಿಸುವುದು ದುಸ್ಸಾಧ್ಯ.

ಮೂರನೆಯದು ಕಾಗದಪತ್ರ. ಇದು ಎಲ್ಲಕ್ಕಿಂತ ಮುಖ್ಯವಾದುದಾದರೂ ಎಲ್ಲಕ್ಕಿಂತ ಕಡಿಮೆ ಗಮನಕ್ಕೆ ಬಂದುದು. ಹೊಲವನ್ನು ಉಳುವವನು ಮೂವತ್ತು ವರ್ಷದ ಮೊಮ್ಮಗ. ಪಹಣಿಯಲ್ಲಿರುವ ಹೆಸರು ತೀರಿಹೋದ ಅಜ್ಜನದು. ಬ್ಯಾಂಕು ಬೆಳೆಸಾಲವನ್ನು ಕೊಡುವುದು ಪಹಣಿಯನ್ನು ನೋಡಿ. ಬೆಳೆವಿಮೆಯೂ, ಅತಿವೃಷ್ಟಿಯ ಪರಿಹಾರವೂ, ಇಲಾಖೆಯ ಸಹಾಯಧನವೂ ಅದೇ ಆಧಾರದ ಮೇಲೆಯೇ. ಪಹಣಿಯಲ್ಲಿ ಹೆಸರಿಲ್ಲದ ತರುಣನು ಸರಕಾರದ ದೃಷ್ಟಿಯಲ್ಲಿ ರೈತನೇ ಅಲ್ಲ. ಮತ್ತೊಬ್ಬರ ಹೊಲವನ್ನು ಲಾವಣಿಗೆ ಅಥವಾ ಪಾಲಿಗೆ ಮಾಡುವವನ ಸ್ಥಿತಿಯು ಇದಕ್ಕಿಂತ ಶೋಚನೀಯವಾದುದು. 1961ರ ಕರ್ನಾಟಕ ಭೂಸುಧಾರಣಾ ಕಾಯಿದೆಯು 1974ರ ತಿದ್ದುಪಡಿಯಾದ ಮೇಲೆ ವ್ಯವಸಾಯದ ಭೂಮಿಯನ್ನು ಗೇಣಿಗೆ ಕೊಡುವುದನ್ನು ಸಾಮಾನ್ಯವಾಗಿ ನಿಷೇಧಿಸಿದೆ. ಆದುದರಿಂದ ಈ ಒಪ್ಪಂದಗಳೆಲ್ಲಾ ಬಾಯಿಮಾತಿನವು. ಬೆಳೆ ಹೋದರೆ ನಷ್ಟವು ಮಾಡಿದವನದು, ಪರಿಹಾರವು ಪಹಣಿಯವನದು.

ನಾಲ್ಕನೆಯದು ಮಾನ ಮತ್ತು ಮನಸ್ಸು. ಹೊಲದಲ್ಲಿ ದುಡಿಯುವ ಮಗನಿಗೆ ಮನೆಯಲ್ಲಿ ಸಂಬಳವೂ ಇಲ್ಲ, ಲೆಕ್ಕವೂ ಇಲ್ಲ, ಮಾತೂ ಇಲ್ಲ. ಪೇಟೆಯಲ್ಲಿ ಕಾವಲುಗಾರನಾಗಿರುವ ಅವನ ತಮ್ಮನಿಗೆ ಮೂರೂ ಇವೆ. ಕನ್ಯೆಯನ್ನು ಕೊಡುವವರೂ ಇದನ್ನೇ ನೋಡುತ್ತಾರೆ. 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಅವಿವಾಹಿತ ರೈತ ತರುಣರು ತಮಗೆ ಹೆಣ್ಣು ದೊರೆಯಲೆಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆಯನ್ನು ಮಾಡಿದರು. ಕೇಳಿದವರು ನಕ್ಕರು, ಆದರೆ ಇದು ನಗತಕ್ಕ ವಿಷಯವಲ್ಲ. ಕಾಯಕಕ್ಕೆ ಗೌರವವನ್ನು ತಂದುಕೊಟ್ಟ ಬಸವಕಲ್ಯಾಣವು ನಮ್ಮ ಜಿಲ್ಲೆಯಲ್ಲಿಯೇ ಇರುವಾಗ, ನಮ್ಮ ಊರುಗಳಲ್ಲಿ ಒಕ್ಕಲುತನದ ಕಾಯಕಕ್ಕೆ ಗೌರವ ತಗ್ಗಿರುವುದು ವಿಷಾದಕರವಾದುದು. ಹೀಗೆ ಮನಸ್ಸು ಮುರಿದವರು ಕುಡಿತಕ್ಕೂ ಮೊಬೈಲಿನ ಜೂಜಿಗೂ ಬಲಿಬೀಳುವುದು ಆಶ್ಚರ್ಯವಲ್ಲ. ಹಣವಿಟ್ಟು ಆಡುವ ಅಂತಹ ಆಟಗಳನ್ನು 2025ರಲ್ಲಿ ಕೇಂದ್ರ ಸರಕಾರವು ಕಾಯಿದೆಯಿಂದ ನಿಷೇಧಿಸಿದೆ. ಆದರೆ ನಿಷೇಧವು ಉದ್ಯೋಗದ ಸ್ಥಾನವನ್ನು ತುಂಬಲಾರದು.

3. ಬೇರೆ ಕಡೆಗಳ ಅನುಭವ

ಇಂತಹ ಕಷ್ಟವು ನಮಗೊಬ್ಬರಿಗೇ ಬಂದುದಲ್ಲ. ಯೂರೋಪಿನ ಡೆನ್ಮಾರ್ಕ್ ಎಂಬ ಚಿಕ್ಕ ದೇಶವು 1864ರ ಯುದ್ಧದಲ್ಲಿ ಸೋತು ತನ್ನ ನೆಲದ ಒಂದು ಭಾಗವನ್ನು ಕಳೆದುಕೊಂಡಿತು. ಮುಂದೆ ಅಮೆರಿಕದಿಂದ ಅಗ್ಗದ ಧಾನ್ಯವು ಬಂದು ಅಲ್ಲಿಯ ರೈತರ ಬೆಳೆಗೆ ಬೆಲೆಯಿಲ್ಲದಂತಾಯಿತು. ಆದರೆ ಆ ದೇಶದಲ್ಲಿ 1844ರಿಂದಲೇ ರೈತರ ಮಕ್ಕಳಿಗಾಗಿ ಜನಪದ ಪ್ರೌಢಶಾಲೆಗಳು ಆರಂಭವಾಗಿದ್ದವು. ಹೊಲದಲ್ಲಿ ಕೆಲಸವಿಲ್ಲದ ಚಳಿಗಾಲದಲ್ಲಿ ತರುಣರೂ, ಬೇಸಿಗೆಯಲ್ಲಿ ತರುಣಿಯರೂ ಅಲ್ಲಿ ಕೂಡಿ ವಾಸಮಾಡಿ ಕಲಿಯುತ್ತಿದ್ದರು, ಪರೀಕ್ಷೆಯಿರಲಿಲ್ಲ. ಹೀಗೆ ಒಟ್ಟಿಗೆ ಕಲಿತವರು ಒಟ್ಟಿಗೆ ವ್ಯಾಪಾರ ಮಾಡುವುದಕ್ಕೂ ಹೆದರಲಿಲ್ಲ. 1882ರಲ್ಲಿ ಮೊದಲನೆಯ ಸಹಕಾರಿ ಬೆಣ್ಣೆಯ ಕಾರ್ಖಾನೆಯು ಹುಟ್ಟಿತು. ಮುಂದೆ ಧಾನ್ಯವನ್ನು ಮಾರುತ್ತಿದ್ದ ದೇಶವು ಬೆಣ್ಣೆಯನ್ನು ಮಾರುವ ದೇಶವಾಯಿತು. ಬಿಡುವಿನ ಕಾಲವನ್ನು ವಿದ್ಯೆಗೆ ಉಪಯೋಗಿಸಿದುದು ಈ ಏಳಿಗೆಗೆ ಒಂದು ಮುಖ್ಯ ಕಾರಣವಾಯಿತು.

ದೂರದ ಉದಾಹರಣೆ ಬೇಡವೆನ್ನುವವರು ನಮ್ಮ ನಾಡಿನ ಉಜಿರೆಯನ್ನು ನೋಡಬಹುದು. ಅಲ್ಲಿ 1982ರಲ್ಲಿ ಧರ್ಮಸ್ಥಳದ ಶಿಕ್ಷಣ ಸಂಸ್ಥೆಯೂ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳೂ ಕೂಡಿ ರುಡ್‌ಸೆಟ್ ಎಂಬ ತರಬೇತಿ ಸಂಸ್ಥೆಯನ್ನು ಸ್ಥಾಪಿಸಿದುವು. ಗ್ರಾಮದ ನಿರುದ್ಯೋಗಿ ತರುಣರಿಗೆ ಉಚಿತವಾಗಿ ಊಟ ವಸತಿಗಳನ್ನು ಕೊಟ್ಟು, ಕೆಲವು ವಾರಗಳಲ್ಲಿ ಒಂದು ಕಸಬನ್ನು ಕಲಿಸಿ, ಬ್ಯಾಂಕಿನ ಸಾಲಕ್ಕೆ ದಾರಿಮಾಡಿ, ಮುಂದೆಯೂ ವಿಚಾರಿಸಿಕೊಳ್ಳುವುದು ಅದರ ಕ್ರಮ. ಈ ಕ್ರಮವನ್ನೇ ಮಾದರಿಯಾಗಿಟ್ಟುಕೊಂಡು ದೇಶದ ಜಿಲ್ಲೆಗಳಲ್ಲಿ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು ಏರ್ಪಟ್ಟಿವೆ. ಬೀದರಿನ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು ಕೂಡ 1990ರ ದಶಕದ ಕೊನೆಯಿಂದ ಸ್ವಸಹಾಯ ಸಂಘಗಳ ಸ್ತ್ರೀಯರಿಗೆ ಸಾಲವನ್ನು ಕೊಟ್ಟು ದೇಶದಲ್ಲೆಲ್ಲಾ ಹೆಸರಾಗಿತ್ತು. ಆಸ್ತಿಯ ಆಧಾರವಿಲ್ಲದವರೂ ಗುಂಪಾಗಿ ನಿಂತರೆ ಸಾಲಕ್ಕೆ ಯೋಗ್ಯರೆಂಬುದನ್ನು ನಮ್ಮ ಜಿಲ್ಲೆಯೇ ತೋರಿಸಿಕೊಟ್ಟಿದೆ.

4. ಮೇ ತಿಂಗಳಿಗೆ ಒಂದು ಉದ್ಯೋಗ: ತೊಗರಿಯ ಸಸಿಮಡಿ

ಬಿಡುವಿನ ತಿಂಗಳುಗಳಲ್ಲಿ ತರುಣನಿಗೆ ಊರಿನಲ್ಲಿಯೇ ಉದ್ಯೋಗವುಂಟೆಂಬುದಕ್ಕೆ ಒಂದು ದೃಷ್ಟಾಂತವನ್ನು ಕೊಡುತ್ತೇವೆ. ತೊಗರಿಯನ್ನು ಬಿತ್ತುವುದಕ್ಕೆ ಬದಲಾಗಿ ಸಸಿಯನ್ನು ಬೆಳೆಸಿ ನಾಟಿಮಾಡುವ ಪದ್ಧತಿಯನ್ನು ಬೀದರಿನ ಕೃಷಿ ವಿಜ್ಞಾನಿಗಳು ಈ ಜಿಲ್ಲೆಯಲ್ಲಿ ಪ್ರಚಾರಕ್ಕೆ ತಂದಿದ್ದಾರೆ. ಮಳೆಯು ತಡವಾದರೂ ಸಸಿಯು ತಿಂಗಳ ಬೆಳವಣಿಗೆಯನ್ನು ಮುಂಚಿತವಾಗಿಯೇ ಪಡೆದಿರುವುದೂ, ಅಂತರವು ಹೆಚ್ಚಾದುದರಿಂದ ಗಿಡವು ಚೆನ್ನಾಗಿ ಕವಲೊಡೆಯುವುದೂ, ಸಾಲುಗಳ ನಡುವೆ ಹೆಸರು ಉದ್ದುಗಳನ್ನು ಬೆಳೆದುಕೊಳ್ಳಬಹುದಾದುದೂ ಇದರ ಪ್ರಯೋಜನಗಳು. ಆದರೆ ನೀರು ನಿಲ್ಲುವ ತಗ್ಗು ನೆಲಕ್ಕೆ ಇದು ತಕ್ಕುದಲ್ಲ.

ಕ್ರಮವು ಹೀಗಿದೆ. ಮೇ ತಿಂಗಳಲ್ಲಿ ಮಣ್ಣು, ಚೆನ್ನಾಗಿ ಕಳಿತ ಗೊಬ್ಬರ, ಸ್ವಲ್ಪ ಮರಳು ಇವುಗಳನ್ನು ಕಲಸಿ ಸಣ್ಣ ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಬೇಕು. ಸೊರಗು ರೋಗವು ಬಂದಿದ್ದ ಹೊಲದ ಮಣ್ಣನ್ನು ಎಷ್ಟುಮಾತ್ರಕ್ಕೂ ತರಕೂಡದು. ಈ ರೋಗದ ಶಿಲೀಂಧ್ರವು ಮಣ್ಣಿನಲ್ಲಿಯೇ ವರ್ಷಗಟ್ಟಲೆ ಉಳಿಯತಕ್ಕುದು. ಬೀಜಕ್ಕೆ ಟ್ರೈಕೋಡರ್ಮ ಪುಡಿಯನ್ನು ಲೇಪಿಸಿ ಚೀಲಕ್ಕೆ ಎರಡರಂತೆ ಊರಿ, ಮೊಳೆತ ಮೇಲೆ ಬಲವಾದುದೊಂದನ್ನು ಉಳಿಸಬೇಕು. ಸೊರಗು ರೋಗವನ್ನೂ ಗೊಡ್ಡು ರೋಗವನ್ನೂ ತಡೆಯುವ ಬಿ.ಎಸ್.ಎಂ.ಆರ್. 736ರಂತಹ ತಳಿಗಳಲ್ಲಿ ತನ್ನ ನೆಲಕ್ಕೆ ಯಾವುದು ಒಪ್ಪುವುದೆಂಬುದನ್ನು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ ಆರಿಸತಕ್ಕದ್ದು. ದಿನವೂ ಹದವಾಗಿ ನೀರು ಚಿಮುಕಿಸಿದರೆ ನಾಲ್ಕು ವಾರಗಳಲ್ಲಿ ಸಸಿಯು ಸಿದ್ಧವಾಗುತ್ತದೆ. ಮಳೆ ಬಿದ್ದು ನೆಲವು ನೆನೆದ ಮೇಲೆ ನಾಟಿ. ಬೇರೂರಿ ಬೆಳೆಯತೊಡಗಿದ ಮೇಲೆ ಕುಡಿಯನ್ನು ಚಿವುಟಿದರೆ ಕವಲುಗಳು ಹೆಚ್ಚುತ್ತವೆ.

ಲೆಕ್ಕವನ್ನು ನೋಡೋಣ. ಐದು ಅಡಿಗೆ ಮೂರು ಅಡಿಯ ಅಂತರದಲ್ಲಿ ಎಕರೆಗೆ ಸುಮಾರು 2,900 ಸಸಿಗಳು ಹಿಡಿಯುತ್ತವೆ. ಹತ್ತು ಎಕರೆಗೆ 29,000. ಸಾಯುವುದನ್ನು ಎಣಿಸಿ 32,000 ಚೀಲಗಳನ್ನು ತುಂಬಬೇಕು. ನಾಲ್ಕು ಅಂಗುಲ ಅಗಲದ ಚೀಲವಾದರೆ ಇವಕ್ಕೆಲ್ಲಾ ಮೂರು ಗುಂಟೆಗಿಂತ ತುಸು ಹೆಚ್ಚು ನೆಲ ಸಾಕು; ಓಡಾಡುವ ದಾರಿಯನ್ನು ಸೇರಿಸಿದರೆ ಐದು ಗುಂಟೆ. ಚೀಲವೊಂದಕ್ಕೆ ಖರ್ಚು ಒಂದೂಕಾಲು ರೂಪಾಯಿ, ಮಾರಾಟ ಎರಡು ರೂಪಾಯಿ ಎಂದು ಉದಾಹರಣೆಗೆ ಇಟ್ಟುಕೊಂಡರೆ, ಖರ್ಚು 40,000, ಹುಟ್ಟುವಳಿ 58,000, ಉಳಿತಾಯ 18,000 ರೂಪಾಯಿ. ದರಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಪ್ರತಿಯೊಬ್ಬನೂ ತನ್ನ ಲೆಕ್ಕವನ್ನು ತಾನೇ ಬರೆದು ನೋಡಬೇಕು. ಇಷ್ಟರಿಂದಲೇ ಯಾರೂ ಶ್ರೀಮಂತರಾಗುವುದಿಲ್ಲ. ಆದರೆ ಹೊಲವಿಲ್ಲದ ತರುಣನೂ ಐದು ಗುಂಟೆಯ ಜಾಗ ಮತ್ತು ಒಂದು ಬಾವಿಯ ನೀರು ದೊರೆತರೆ, ಖಾಲಿ ಕೂಡುವ ತಿಂಗಳಲ್ಲಿ ಇದನ್ನು ಸಂಪಾದಿಸಬಹುದು. ಆ ಐದು ಗುಂಟೆಯೂ ಬಾವಿಯೂ ಇರುವುದು ಈ ಪತ್ರಿಕೆಯನ್ನು ಓದುತ್ತಿರುವ ಭೂಮಾಲೀಕರಲ್ಲಿ. ಅಂಥವರು ಹತ್ತು ಎಕರೆಗೆ ಸಸಿಯನ್ನು ಮುಂಗಡವಾಗಿ ಗೊತ್ತುಮಾಡಿದರೆ ತರುಣನಿಗೆ ಮಾರಾಟದ ಚಿಂತೆಯೇ ಇಲ್ಲ.

ಇದರಂತೆಯೇ ಜನವರಿಯಿಂದ ಮಾರ್ಚಿಯ ತನಕ ತೊಗರಿ ಬೇಳೆ ಮಾಡುವುದು, ಯಂತ್ರಗಳ ದುರಸ್ತಿ, ಔಷಧಿ ಸಿಂಪಡಣೆಯ ಬಾಡಿಗೆ ಕೆಲಸ, ಆಡು ಸಾಕಣೆ, ಹೈನು ಇವನ್ನು ಯೋಚಿಸಬಹುದು. ಹಾಲಿಗೂ ಉಳುಮೆಗೂ ಒದಗುವ ದೇವಣಿ ತಳಿಯು ನಮ್ಮ ಸೀಮೆಯದೇ ಆಗಿದೆ. ಬೀದರಿನ ನಂದಿನಗರದಲ್ಲಿ 2004ರಲ್ಲಿ ಸ್ಥಾಪಿತವಾದ ಪಶುವೈದ್ಯಕೀಯ ವಿಶ್ವವಿದ್ಯಾಲಯವೂ ನಮ್ಮ ಜಿಲ್ಲೆಯಲ್ಲಿಯೇ ಇದೆ.

5. ಸಹಾಯವು ದೊರೆಯತಕ್ಕ ಸ್ಥಳಗಳು

ಸಹಾಯವಿಲ್ಲವೆಂಬುದಕ್ಕಿಂತ, ಇರುವ ಸಹಾಯವು ತಿಳಿಯದಿರುವುದೇ ಹೆಚ್ಚು. ಕೆಳಗಿನವುಗಳನ್ನು ತರುಣರಿಗೆ ಓದಿ ಹೇಳತಕ್ಕದ್ದು. ಅರ್ಜಿಯನ್ನು ಹಾಕುವ ಮುನ್ನ ಆಯಾ ವರ್ಷದ ನಿಯಮಗಳನ್ನು ಸಂಬಂಧಪಟ್ಟ ಕಚೇರಿಯಲ್ಲಿ ಕೇಳಿಕೊಳ್ಳಬೇಕು.

ಕಸಬಿನ ಶಿಕ್ಷಣಕ್ಕೆ ಮೇಲೆ ಹೇಳಿದ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಯೂ, ಬೇಸಾಯದ ತಿಳಿವಳಿಕೆಗೆ ಬೀದರಿನ ಕೃಷಿ ವಿಜ್ಞಾನ ಕೇಂದ್ರವೂ ಇವೆ. ಹತ್ತನೆಯ ತರಗತಿ ಮುಗಿಸಿದವರಿಗಾಗಿ ಕೃಷಿ ವಿಶ್ವವಿದ್ಯಾನಿಲಯಗಳು ಎರಡು ವರ್ಷದ ಕೃಷಿ ಡಿಪ್ಲೊಮಾವನ್ನು ಕನ್ನಡದಲ್ಲಿಯೇ ಕಲಿಸಿವೆ.

ಓದು ಮತ್ತು ಸರಕಾರಿ ಕೆಲಸಕ್ಕಾಗಿ ಸಂವಿಧಾನದ 371(ಜೆ) ವಿಧಿಯಿದೆ. 2013ರಿಂದ ಇದರ ಪ್ರಕಾರ ನಮ್ಮ ಭಾಗದ ವಿದ್ಯಾಸಂಸ್ಥೆಗಳಲ್ಲಿ ನೂರಕ್ಕೆ 70 ಸ್ಥಾನಗಳೂ, ಪ್ರಾದೇಶಿಕ ಹುದ್ದೆಗಳಲ್ಲಿ ಎ ಮತ್ತು ಬಿ ವರ್ಗಗಳಿಗೆ 75, ಸಿ ವರ್ಗಕ್ಕೆ 80, ಡಿ ವರ್ಗಕ್ಕೆ 85ರ ಪ್ರಮಾಣದ ಮೀಸಲಾತಿಯೂ ದೊರೆತಿವೆ. ಇದಕ್ಕೆ ಉಪವಿಭಾಗಾಧಿಕಾರಿಗಳ ಅರ್ಹತಾ ಪತ್ರವು ಬೇಕು. ಕೊನೆಯ ದಿನದಲ್ಲಿ ಓಡಾಡುವುದಕ್ಕಿಂತ ಮುಂಚಿತವಾಗಿ ಪಡೆದಿಡುವುದು ಮೇಲು. 2023ರ ಜೂನ್ 11ರಿಂದ ಸ್ತ್ರೀಯರಿಗೆ ಸರಕಾರಿ ಬಸ್ಸಿನಲ್ಲಿ ಪ್ರಯಾಣವು ಉಚಿತವಾದುದರಿಂದ, ಹುಮನಾಬಾದ್ ಬೀದರುಗಳ ಕಾಲೇಜು ದೂರವೆಂದು ಹೆಣ್ಣುಮಕ್ಕಳನ್ನು ಮನೆಯಲ್ಲಿರಿಸುವುದಕ್ಕೆ ಖರ್ಚಿನ ನೆವವು ಉಳಿದಿಲ್ಲ.

ಓದು ಮುಗಿಸಿ ಆರು ತಿಂಗಳಾದರೂ ಕೆಲಸ ದೊರೆಯದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿಯಂತೆ ಎರಡು ವರ್ಷದ ಮಿತಿಯಲ್ಲಿ ಕೊಡತಕ್ಕ ಯುವನಿಧಿಯು 2024ರ ಜನವರಿಯಲ್ಲಿ ಆರಂಭವಾಯಿತು. ಇದು ದಾರಿಯ ಬುತ್ತಿಯೇ ಹೊರತು ಊರಲ್ಲ. ಬುತ್ತಿ ಮುಗಿಯುವುದರೊಳಗೆ ಒಂದು ಕಸಬನ್ನು ಕಲಿಯಬೇಕು.

ಭೂಮಿಯಿಲ್ಲದವರೂ ಪಾಲಿಗೆ ಮಾಡುವವರೂ ನಾಲ್ಕರಿಂದ ಹತ್ತು ಜನರ ಜಂಟಿ ಹೊಣೆಗಾರಿಕೆ ಗುಂಪನ್ನು ಕಟ್ಟಿಕೊಂಡು ಒಬ್ಬರಿಗೊಬ್ಬರು ಜಾಮೀನಾಗಿ ಬ್ಯಾಂಕಿನಿಂದ ಸಾಲವನ್ನು ಕೇಳಬಹುದು.

ಮನಸ್ಸಿನ ತೊಂದರೆಗಳಿಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಸಹಕಾರದಿಂದ ಯುವಜನ ಸೇವೆಯ ಇಲಾಖೆಯು ಯುವ ಸ್ಪಂದನವೆಂಬ ಸಮಾಲೋಚನೆಯ ವ್ಯವಸ್ಥೆಯನ್ನು ಜಿಲ್ಲೆಗಳಲ್ಲಿ ಏರ್ಪಡಿಸಿತು. ಅಲ್ಲದೆ 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಉಚಿತ ಸೇವೆಯಲ್ಲಿ 14416 ಸಂಖ್ಯೆಗೆ ಕರೆ ಮಾಡಿ ಸಲಹೆಯನ್ನು ಪಡೆಯಬಹುದು. ಇದನ್ನು ಕೇಳುವುದು ಅವಮಾನವೆಂದು ಯಾರೂ ಭಾವಿಸಕೂಡದು. ಜ್ವರ ಬಂದವನು ವೈದ್ಯನಲ್ಲಿಗೆ ಹೋಗುವುದು ಅವಮಾನವಲ್ಲವಷ್ಟೆ.

6. ಮುಖಂಡರೂ ಭೂಮಾಲೀಕರೂ ಮಾಡತಕ್ಕ ಕಾರ್ಯಗಳು

ಸರಕಾರದ ಕೆಲಸವು ಸರಕಾರದ್ದು. ಈ ಕೆಳಗಿನವು ಮಾತ್ರ ತಮ್ಮವು, ಇವನ್ನು ಬೇರೆ ಯಾರೂ ಮಾಡಲಾರರು.

ಮೊದಲನೆಯದಾಗಿ, ತಮ್ಮ ಮನೆಯ ಪಹಣಿಯನ್ನು ಇಂದೇ ತೆಗೆಸಿ ನೋಡಬೇಕು. ತೀರಿಹೋದವರ ಹೆಸರಿದ್ದರೆ, ಮರಣಪತ್ರ ಮತ್ತು ವಂಶವೃಕ್ಷಗಳೊಡನೆ ನಾಡಕಚೇರಿಯಲ್ಲಿ ಪೌತಿ ಖಾತೆಗೆ ಅರ್ಜಿಯನ್ನು ಕೊಡಬೇಕು. ಹೆಣ್ಣುಮಕ್ಕಳ ಹೆಸರನ್ನು ಮರೆಮಾಡಕೂಡದು. ಹಿಸ್ಸೆಯಾಗಿದ್ದರೆ ನಕ್ಷೆಯನ್ನು ಮಾಡಿಸಿ ನೋಂದಾಯಿಸಬೇಕು. ತಾನು ಬದುಕಿರುವಾಗ ಮಕ್ಕಳಿಗೆ ಹೆಸರು ಬಿಟ್ಟುಕೊಟ್ಟರೆ ಕಡೆಗಾಲಕ್ಕೆ ನೋಡುವವರಿಲ್ಲವೆಂಬ ಭಯವು ಹಿರಿಯರಲ್ಲಿರುವುದು ಸಹಜವಾದುದೇ. ಅಂಥವರು ಎಲ್ಲವನ್ನೂ ಕೊಡಬೇಕಾಗಿಲ್ಲ. ಒಂದು ಎಕರೆಯನ್ನಾದರೂ ದುಡಿಯುವ ಮಗನ ಅಥವಾ ಮಗಳ ಹೆಸರಿಗೆ ಮಾಡಿ, ಉಳಿದುದನ್ನು ತಮ್ಮಲ್ಲಿರಿಸಿಕೊಳ್ಳಬಹುದು. ಆ ಒಂದು ಎಕರೆಯಿಂದ ಅವನು ಸರಕಾರದ ದೃಷ್ಟಿಯಲ್ಲಿ ರೈತನಾಗುತ್ತಾನೆ.

ಎರಡನೆಯದಾಗಿ, ಹೊಲದ ಲೆಕ್ಕವನ್ನು ತರುಣರ ಕೈಗೆ ಕೊಡಬೇಕು. ಬೀಜ, ಗೊಬ್ಬರ, ಕೂಲಿ, ಮಾರಾಟ ಇವನ್ನು ಅವನು ಬರೆಯಲಿ. ಲಾಭದಲ್ಲಿ ಅವನಿಗೆ ಗೊತ್ತಾದ ಪಾಲಿರಲಿ.

ಮೂರನೆಯದಾಗಿ, ಪಾಲಿಗೆ ಮಾಡುವವನಿಗೆ ನ್ಯಾಯವನ್ನು ಕೊಡಬೇಕು. ಕಾಯಿದೆಯು ಒಪ್ಪದ ಕರಾರನ್ನು ಬರೆಯುವುದಕ್ಕೆ ನಾವು ಹೇಳುತ್ತಿಲ್ಲ. ಬೆಳೆಯು ಹೋಗಿ ಪರಿಹಾರವು ಮಾಲೀಕನ ಖಾತೆಗೆ ಬಂದಾಗ, ಬಿತ್ತಿದವನ ಖರ್ಚಿಗೆ ತಕ್ಕ ಭಾಗವನ್ನು ಅವನಿಗೆ ಸಲ್ಲಿಸುವುದಕ್ಕೆ ಯಾವ ಕಾಯಿದೆಯೂ ಅಡ್ಡಿಯಲ್ಲ.

ನಾಲ್ಕನೆಯದಾಗಿ, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ತಿಂಗಳಿಗೊಂದು ಸಂಜೆ ತರುಣ ತರುಣಿಯರನ್ನು ಕೂಡಿಸಿ, ಯಾರು ಏನು ಓದಿದ್ದಾರೆ, ಯಾರಿಗೆ ಯಾವ ಕೆಲಸ ಬೇಕು ಎಂಬುದರ ಪಟ್ಟಿಯನ್ನು ಬರೆದಿಡಬೇಕು. ಎಷ್ಟು ಎಮ್ಮೆಗಳಿವೆಯೆಂಬುದಕ್ಕೆ ಪಟ್ಟಿಯಿದೆ. ಎಷ್ಟು ಜನ ತರುಣರು ಕೆಲಸವಿಲ್ಲದಿದ್ದಾರೆಂಬುದಕ್ಕೂ ಒಂದಿರಬೇಡವೇ? ಆ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿದರೆ ಅರ್ಧ ಕೆಲಸವು ಆದಂತೆಯೇ.

7. ಚರ್ಚೆಗೆ ಪ್ರಶ್ನೆಗಳು

ಈ ಪಾಠವನ್ನು ಸಭೆಯಲ್ಲಿ ಓದಿದ ಮೇಲೆ ಕೆಳಗಿನ ಪ್ರಶ್ನೆಗಳನ್ನು ವಿಚಾರಿಸತಕ್ಕದ್ದು.

(1) ನಮ್ಮ ಊರಿನಲ್ಲಿ ತೀರಿಹೋದವರ ಹೆಸರಿನಲ್ಲಿಯೇ ಇರುವ ಪಹಣಿಗಳೆಷ್ಟು? ಅದಕ್ಕೆ ಅಡ್ಡಿಯು ಕಚೇರಿಯದೋ, ನಮ್ಮ ಮನೆಯದೋ?
(2) ಕಳೆದ ಐದು ವರ್ಷಗಳಲ್ಲಿ ಊರನ್ನು ಬಿಟ್ಟ ತರುಣರೆಷ್ಟು? ಅವರು ಯಾವ ತಿಂಗಳಲ್ಲಿ ಹೋದರು?
(3) ಬರುವ ಮೇ ತಿಂಗಳಿಗೆ ಐದು ಗುಂಟೆಯ ಜಾಗವನ್ನೂ ನೀರನ್ನೂ ಕೊಡಬಲ್ಲವರು ಯಾರು? ಎಷ್ಟು ಎಕರೆಗೆ ತೊಗರಿಯ ಸಸಿ ಬೇಕು?
(4) ಈ ಸಭೆಯಲ್ಲಿ ಹೆಣ್ಣುಮಕ್ಕಳು ಎಷ್ಟು ಮಂದಿ ಕುಳಿತಿದ್ದಾರೆ? ಇಲ್ಲದಿದ್ದರೆ ಏಕೆ?

ಊರನ್ನು ಬಿಟ್ಟು ಹೋಗುವುದು ಪಾಪವಲ್ಲ. ಇಚ್ಛೆಯಿಂದ ಹೋಗುವವನನ್ನು ಹರಸಿ ಕಳುಹಿಸಬೇಕು. ಆದರೆ ಇರಬೇಕೆಂಬ ಇಚ್ಛೆಯುಳ್ಳವನು ಇರಲು ಸ್ಥಳವಿಲ್ಲದೆ ಹೋಗುವಂತಾದರೆ ಅದು ಗ್ರಾಮಕ್ಕೆ ನಷ್ಟವೂ ಹಿರಿಯರಿಗೆ ಕುಂದೂ ಆಗುತ್ತದೆ. ಹದವಾದ ನೆಲವು ಬಿತ್ತುವವನಿಗಾಗಿ ಬಹಳ ದಿವಸ ಕಾಯುವುದಿಲ್ಲ. ಆದುದರಿಂದ ಬರುವ ಮುಂಗಾರಿನೊಳಗಾಗಿ ತಾವು ಪ್ರತಿಯೊಬ್ಬರೂ ಮೇಲಿನ ನಾಲ್ಕು ಕಾರ್ಯಗಳಲ್ಲಿ ಒಂದನ್ನಾದರೂ ನೆರವೇರಿಸುವಿರೆಂದು ನಂಬುತ್ತೇವೆ.